ನಮ್ಮನೆಯಿಂದ ಬಂದದ್ದನ್ನು ತೆರೆಯಬೇಡಿ

ನನ್ನ ಮಾವನವರು ತಲೆ ನೆರೆಯುವವರೆಗೆ ಮನೆಮನೆಗೆ ಅಂಚೆ ಹಂಚಿದವರು. ನಿವೃತ್ತಿಯಾದರೂ ಚಾಳಿ ಬಿಡಲಿಲ್ಲ. "ಪ್ರಿಯ ಗ್ರಾಹಕರೇ" ಎಂದು ಯಾವುದೋ ಮೇಲ್ ಬಂದರೆ ಅದು ದಾರಿ ತಪ್ಪಿ ತಮ್ಮಲ್ಲಿಗೆ ಬಂದದ್ದು ಎಂದೇ ಅವರ ನಂಬಿಕೆ. ಅಟ್ಯಾಚ್‌ಮೆಂಟ್ ತೆರೆದು ಒಳಗೆ ಯಾರ ಹೆಸರಿದೆ ಎಂದು ಹುಡುಕುತ್ತಿದ್ದರು. ಸಿಗದಿದ್ದರೆ, ಯಾರದ್ದೋ ಏನೋ ಪಾಪ, ಎಂದು ಗುರುತಿನವರಿಗೆಲ್ಲ ಕಳಿಸಿಬಿಡುತ್ತಿದ್ದರು. ಸೇರಬೇಕಾದವರಿಗೆ ಸೇರಲಿ ಅಂತ!

ಹಾಗೆ ಸೇರಿಸಿದ್ದರಲ್ಲಿ ಒಂದು ವೈರಸ್. ನಾನು ಮನೆಯಲ್ಲೇ ಕೂತು ಶಾಲಾಪುಸ್ತಕಗಳ ಕರಡು ತಿದ್ದುವವಳು. ಕೆಲಸ ಕೊಡುವುದು ಒಂದೇ ಪ್ರೆಸ್ಸು; ಮನೆಯಲ್ಲಿ ಕಂಪ್ಯೂಟರೂ ಮೇಲೂ ಮಾವನಿಗೂ ನನಗೂ ಒಂದೇ. ಅಲ್ಲಿಯ ಕಂಪ್ಯೂಟರೂ ಕೆಟ್ಟು ಕೂತಾಗ ಯಜಮಾನಿ ಕಡ್ಡಿ ಮುರಿದಂತೆ ಹೇಳಿದ್ದರು: "ಇನ್ನೊಂದ್ಸಲ ನಿಮ್ಮನೆಯಿಂದ ಇಂಥದ್ದು ಬಂದ್ರೆ ಕೆಲಸ ಬೇರೆಯವರಿಗೆ ಕೊಡ್ತೀನಿ."

ಆಮೇಲೆ ಮಾವನಿಗೆ ನನ್ನ ಪಾಠವೋ ಪಾಠ. ಗುರುತಿಲ್ಲದವರದ್ದು ಮುಟ್ಟಬಾರದು. ಗುರುತಿನವರದ್ದಾದರೂ ಹೆಸರಿನ ಕೆಳಗಿರುವ ವಿಳಾಸ ನೋಡಬೇಕು, ಫೋನ್ ಮಾಡಿ ಕೇಳಬೇಕು. ತೆರೆಯುವ ಮೊದಲು ಸ್ಕ್ಯಾನ್ ಮಾಡಬೇಕು. ತೆರೆದದ್ದು ಅನುಮತಿ ಕೊಡು ಎಂದು ಕೇಳಿದರೆ ಅಲ್ಲೇ ಮುಚ್ಚಬೇಕು. ಅವರು ತಲೆಯಾಡಿಸಿ ಕೇಳಿದರು. ನನ್ನನ್ನು ಕೇಳದೆ ಆಮೇಲೆ ಮೌಸ್ ಮುಟ್ಟಲಿಲ್ಲ. ಮಧ್ಯಾಹ್ನ ಬಾಗಿಲಲ್ಲಿ ನಿಂತು, "ನಂಗೇನಾದ್ರೂ ಬಂದಿದೆಯೇನಮ್ಮಾ?" ಎನ್ನುವರು. ನನಗೆ ರೇಗುತ್ತಿತ್ತು.

ಇವತ್ತು ಪ್ರೆಸ್ಸಿನ ಹೆಸರಲ್ಲಿ ಮೇಲ್ ಬಂತು, "ಅರ್ಜೆಂಟ್" ಎಂದು. ಮಗಳಿಗೆ ಜ್ವರ ಬಂದು ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕಣ್ಣಲ್ಲಿ ಮರಳು ಹಾಕಿದ ಹಾಗೆ. ಒತ್ತಿದರೂ ಫೈಲ್ ತೆರೆದುಕೊಳ್ಳಲಿಲ್ಲ. ಮತ್ತೆ ಇಳಿಸಿಕೊಂಡೆ, ಕಂಪ್ಯೂಟರ್ ಆರಿಸಿ ಪುನಃ ಹಾಕಿದೆ. ಆಗ ಬರೀ ಮಸುಕು ಹಾಳೆ, ಅದರ ಮೇಲೆ ಒಂದು ಪಟ್ಟಿ: ಓದಲು ಅನುಮತಿ ಕೊಡಿ.

"ಅವರೇ ಕಳ್ಸಿದ್ದಾ ಅಂತ ಕೇಳಿದ್ಯೇನಮ್ಮಾ?" ಎಂದರು ಮಾವ ಹಿಂದಿನಿಂದ.

"ನಂಗೊತ್ತು, ಸುಮ್ನಿರಿ ಮಾವ."

ಒತ್ತಿಬಿಟ್ಟೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಹಾಳೆ ತೆರೆಯಲಿಲ್ಲ. ನನ್ನ ಹೆಸರಲ್ಲಿ ಮೇಲ್‌ಗಳು ತಾವಾಗಿಯೇ ಒಂದರ ಹಿಂದೊಂದು ಹೊರಡತೊಡಗಿದವು. ಎಲ್ಲಿ ಒತ್ತಿದರೂ ನಿಲ್ಲಲಿಲ್ಲ. ಮಾವ ಬಗ್ಗಿ ಇಂಟರ್ನೆಟ್ ವೈರು ಕಿತ್ತರು.

ಆಗ ವಿಳಾಸ ನೋಡಿದೆ. ಹೆಸರು ಮಾತ್ರ ಪ್ರೆಸ್ಸಿನದ್ದು, ವಿಳಾಸ ಯಾರದ್ದೋ.

"ಹೋಗಿ ಸ್ವಲ್ಪ ಮಲಕ್ಕೋ. ಫೋನ್ ಇಲ್ಲಿ ಕೊಡು," ಎಂದರು. ಜಗಳಾಡಲೂ ನನಗೆ ಶಕ್ತಿ ಇರಲಿಲ್ಲ. ಮಗಳ ಪಕ್ಕ ಹೋಗಿ ಬಿದ್ದುಕೊಂಡೆ.

ನಡುಮನೆಯಿಂದ ಅವರ ದನಿ ಕೇಳುತ್ತಿತ್ತು. "ನಾನಪ್ಪಾ, ಪೋಸ್ಟಿನ ತಾತ. ಮತ್ತೆ ಏನೋ ಒತ್ಬಿಟ್ಟೆ. ನಮ್ಮನೆಯಿಂದ ಬಂದದ್ದನ್ನ ತೆರೀಬೇಡಿ." ಆ ಕಡೆಯವರು ಬೈಯುತ್ತಿರಬೇಕು. "ಹೌದಪ್ಪಾ, ತಪ್ಪಾಯ್ತು." ಮತ್ತೊಬ್ಬರಿಗೆ ಅದೇ ಮಾತು. ಓಣಿಯ ಬಾಗಿಲುಗಳನ್ನು ಸರದಿಯಲ್ಲಿ ತಟ್ಟುವ ಹಾಗೆ ಒಬ್ಬರನ್ನೂ ಬಿಡಲಿಲ್ಲ. ನಾಚಿಕೆಯಿಂದ ನಾನು ಹೊದಿಕೆಯೊಳಗೆ ಮುಖ ಮುಚ್ಚಿಕೊಂಡೆ.

ಕೊನೆಗೆ ಪ್ರೆಸ್ಸಿಗೆ ಮಾಡಿದರು. ಯಜಮಾನಿಯ ದನಿ ಜೋರು, ನನಗೂ ಕೇಳಿಸಿತು. "ಆ ಹುಡುಗಿ ಮುಖ ನೋಡಿ ಬಿಡ್ತಿದೀನಿ ತಾತ. ಕೆಲಸ ಅವಳಿಗೇ ಇರ್ಲಿ. ಆದ್ರೆ ನೀವು ಇನ್ನು ಆ ಕಂಪ್ಯೂಟರ್ ಮುಟ್ಕೂಡ್ದು."

"ಇಲ್ಲಮ್ಮಾ, ಮುಟ್ಟಲ್ಲ. ಮಾತು ಕೊಡ್ತೀನಿ."

ಕೆಲಸ ಉಳಿಯಿತು. ಮಲಗಿದ್ದರೆ ಆಗುತ್ತಿತ್ತು. ದೇಹ ಬೇಡುತ್ತಿದ್ದದ್ದೂ ಅದನ್ನೇ. ಆದರೂ ಎದ್ದು ಹೋಗಿ ಅವರ ಕೈಯಿಂದ ಫೋನ್ ತೆಗೆದುಕೊಂಡೆ.

"ಮೇಡಂ, ಒತ್ತಿದ್ದು ಅವರಲ್ಲ, ನಾನು. ನಿಮ್ಮನ್ನ ಕೇಳಿದ್ಯಾ ಅಂತ ಅವರು ಮೊದಲೇ ಎಚ್ಚರಿಸಿದ್ರು."

ಆ ಕಡೆ ಸದ್ದಿಲ್ಲ. ಮಾವ ಗಾಬರಿಯಿಂದ ನನ್ನ ಮುಖ ನೋಡಿದರು.

"ಲೈನ್ ಕಟ್ಟಾಯ್ತೇನಮ್ಮಾ?"

"ಇಲ್ಲ ಮಾವ," ಎಂದೆ. "ಕೇಳಿಸ್ಕೊಂಡಿದ್ದಾರೆ."