ಬೆರಳೆಣಿಸದ ವಾಕ್ಯ

ನಮ್ಮವರು ಹೋಟೆಲಿನ ರಿಸೆಪ್ಷನ್‌ನಲ್ಲಿದ್ದಾರೆ. ಸ್ಪ್ಯಾನಿಷ್ ಪರೀಕ್ಷೆ ಪಾಸಾದರೆ ಬಡ್ತಿಯಂತೆ. ಅದಕ್ಕೆ ಇವರೂ ಪಕ್ಕದ ಕುರ್ಚಿಯವಳೂ ಸಂಜೆ ಕ್ಲಾಸಿಗೆ ಹೋಗುತ್ತಾರೆ. ಮನೆಗೆ ಬಂದ ಮೇಲೂ ಅವಳ ಜೊತೆಗೇ ಫೋನಿನಲ್ಲಿ ಅಭ್ಯಾಸ, ಅದೂ ಬಾಲ್ಕನಿಯ ಬಾಗಿಲು ಹಾಕಿಕೊಂಡು. ಅವಳಿಗೆ ನಾನಿಟ್ಟ ಹೆಸರು ಗಿಣಿ. ಹೌದು, ಹೊಟ್ಟೆಕಿಚ್ಚಿಗೇ ಇಟ್ಟೆ.

ಈ ವಾರದ ಪಾಠ, ಹೀಗಿದ್ದಿದ್ದರೆ ಏನು ಮಾಡುತ್ತಿದ್ದೆ ಎನ್ನುವುದು. ಕ್ರಿಯಾಪದ ಪೂರ್ತಿ ಹಾಗೇ ಇಟ್ಟು ಬಾಲ ಅಂಟಿಸಿದರಾಯಿತು. ಮಾತಾಡು ಎನ್ನುವ 'ಆಬ್ಲಾರ್' ಇದ್ದದ್ದು 'ಆಬ್ಲರೀಯಾ' ಆಗುತ್ತದೆ, ಮಾತಾಡುತ್ತಿದ್ದೆ ಎಂದು. ಇಷ್ಟು ನನಗೇ ತಲೆಗೆ ಹತ್ತಿತು. ಇವರಿಗೆ ಮಾತ್ರ ನಾನು, ನೀನು, ಅವನು ಎಂದು ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಮುಟ್ಟಿಕೊಂಡು ಹೋಗದಿದ್ದರೆ ಬಾಲ ಸಿಗುವುದೇ ಇಲ್ಲ.

"ಇವತ್ತು ಗಿಣಿಗೆ ರಜೆ. ನಾನೇ ಪ್ರಶ್ನೆ ಕೇಳ್ತೀನಿ," ಎಂದು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ.

"ನಿಂಗೆಲ್ಲಿ ಸ್ಪ್ಯಾನಿಷ್ ಬರುತ್ತೆ?"

"ನಮ್ಮ ಮಾತಲ್ಲೇ ಕೇಳ್ತೀನಿ. ನೀವು ಅದ್ರಲ್ಲಿ ಹೇಳಿ, ಆಮೇಲೆ ಅರ್ಥ ಹೇಳಿ. ನಾವಿಬ್ರೂ ರಜೆ ಹಾಕಿದ್ದಿದ್ರೆ?"

ಎಣಿಕೆ ಒಂದೊಂದಾಗಿ ಉಂಗುರದ ಬೆರಳಿಗೆ, 'ನಾವು' ಎನ್ನುವಲ್ಲಿಗೆ ಬಂತು. "ದೊರ್ಮಿ... ದೊರ್ಮಿರೀಯಾಮೊಸ್. ಮಲಗ್ತಿದ್ವಿ."

"ಅಡುಗೆ ಸಪ್ಪೆಯಾಗಿದ್ದಿದ್ರೆ?"

ಹೆಬ್ಬೆರಳು ಹಿಡಿದು ಯೋಚಿಸಿದರು. "ಕೊಮೆ... ಕೊಮೆರೀಯಾ. ತಿಂತಿದ್ದೆ. ಬೇರೆ ದಾರಿ ಎಲ್ಲಿದೆ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸುಮ್ಮನೆ ತಲೆ ಕೆಡಿಸಿಕೊಂಡಿದ್ದೆನಲ್ಲ, ಎಷ್ಟು ದಿನವಾಗಿತ್ತು ಹೀಗೆ ಕೂತು ಅನ್ನಿಸಿತು. ಆ ಸಲಿಗೆಯಲ್ಲೇ ಕೇಳಿಬಿಟ್ಟೆ.

"ನನ್ನ ಮದುವೆ ಆಗ್ದೇ ಇದ್ದಿದ್ರೆ?"

"ವಿವಿರೀಯಾ ಸೆರ್ಕಾ ದೆಲ್ ಮಾರ್, ಎನ್ ಉನಾ ಕಾಸಾ ಪೆಕೆನ್ಯಾ."

ನೀರು ಕುಡಿದಷ್ಟು ಸಲೀಸು. ಕೈ ಎರಡೂ ತೊಡೆಯ ಮೇಲೇ ಇದ್ದವು.

"ಅರ್ಥ?"

"ಸಮುದ್ರದ ಹತ್ರ ಇರ್ತಿದ್ದೆ. ಒಂದು ಪುಟ್ಟ ಮನೇಲಿ."

"ಇದನ್ನ ಮೊದಲೇ ಯಾರೋ ಕೇಳಿದ್ದಾರೆ, ಅಲ್ವಾ?"

ಇವರ ನಗು ಅಲ್ಲೇ ನಿಂತಿತು. "ಅಭ್ಯಾಸಕ್ಕೆ ಅಂತ ಅವಳು ಕೇಳಿದ್ಲು ಕಣೇ. ಕ್ಲಾಸಲ್ಲಿ ಎಲ್ರೂ ಹೇಳ್ಬೇಕಿತ್ತು."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಇವರಿಗೆ ಸಮುದ್ರ ಬೇಕಿತ್ತೆಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

"ಸರಿ. ಅವಳೂ ಹೇಳಿರ್ಬೇಕಲ್ಲ. ಅವಳೆಲ್ಲಿ ಇರ್ತಿದ್ಲಂತೆ?"

ಈಗ ಇವರು ಹೆಬ್ಬೆರಳು ಮುಟ್ಟಿಕೊಂಡರು. ಆಮೇಲೆ ತೋರುಬೆರಳು, ನಡುಬೆರಳು. ನಾನು ಕಾದೆ. ಕಿರುಬೆರಳು ಮುಗಿದ ಮೇಲೆ ಇವರು ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದರು.