ಐಲಿಯ ಕೈಗೊಪ್ಪಿದ ರಿವಾಲ್ವರ್

ಮಾರ್ಚ್ ತಿಂಗಳಲ್ಲಿ ಐಲಿ ಕಂಗಾಸಳ ಬಲಭುಜಕ್ಕೆ ಮೂರು ಮೊಳೆ ಹೊಡೆದು ಹೊಲಿಗೆ ಹಾಕಿದ ಡಾಕ್ಟರು, ಇನ್ನು ಮುಂದೆ ಆ ಭುಜಕ್ಕೆ ಕೋವಿಯ ಹಿಂಬದಿ ತಾಗಕೂಡದು ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಎಡಭುಜಕ್ಕಿಟ್ಟು ಹೊಡೆಯೋಣವೆಂದರೆ ಅವಳ ಎಡಗಣ್ಣು ಹುಟ್ಟಿನಿಂದಲೇ ಮಂದ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು ಅವಳು. ಹನ್ನೆರಡನೆಯ ವಯಸ್ಸಿನಿಂದ ಒಂದು ನವೆಂಬರನ್ನೂ ತಪ್ಪಿಸದೆ ಜಿಂಕೆ ಬೇಟೆಗೆ ಹೋದವಳು. ಅಮೆರಿಕದ ಮಿಷಿಗನ್ನಿನ ಆ ಉತ್ತರದ ಕಾಡಿನಲ್ಲಿ, ಬೇಟೆ ಶುರುವಾಗುವ ನವೆಂಬರ್ ಹದಿನೈದರಂದು ಮನೆಯಲ್ಲಿ ಕೂರುವವರೆಂದರೆ ಹಾಸಿಗೆ ಹಿಡಿದವರು ಮಾತ್ರ.

ಬೇಸಿಗೆಯಿಡೀ ಅವಳು ಕೂತಲ್ಲಿ ಕೂರಲಿಲ್ಲ. ಹಬೆಯಲ್ಲಿ ಮೈ ಕಾಯಿಸಿಕೊಳ್ಳುವ ಸೌನಾ ಕೋಣೆಯ ಬೆಂಚಿಗೆ ಎರಡು ಸಲ ಎಣ್ಣೆ ಹಚ್ಚಿದಳು. ಎಡಗೈ ಒಂದರಲ್ಲೇ ಸೌದೆ ರಾಶಿಯನ್ನು ಕೆಡವಿ ಮತ್ತೆ ಪೇರಿಸಿದಳು. ಸಂಜೆ ಐದಾಯಿತೆಂದರೆ ಪಿಕಪ್ ಹತ್ತಿ ನಾಲ್ಕು ಮೈಲಿ ದೂರದ ಕೂಸಿಸ್ಟೊ ಅವರ ಹುಲ್ಲುಗಾವಲಿನ ಬಳಿ ನಿಲ್ಲಿಸಿ, ದುರ್ಬೀನು ಹಿಡಿದು ಕತ್ತಲಾಗುವ ತನಕ ನೋಡುತ್ತಿದ್ದಳು.

ಅವಳು ಹುಡುಕುತ್ತಿದ್ದದ್ದು ಕುಂಟುವ ಒಂದು ಗಂಡು ಜಿಂಕೆಯನ್ನು. ಹಿಂದಿನ ನವೆಂಬರಿನಲ್ಲೇ ಭುಜ ನೋಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಎಂಟು ಕವಲಿನ ಕೊಂಬಿನ ಜಿಂಕೆಯೊಂದು ನೂರೈವತ್ತು ಹೆಜ್ಜೆ ದೂರದಲ್ಲಿ ಅಡ್ಡಲಾಗಿ ನಿಂತಾಗ, ಗುಂಡು ಹಾರುವ ಮುಂಚೆಯೇ ನೋವಿಗೆ ಹೆದರಿ ಮೈ ಸೆಟೆದುಕೊಂಡಿತ್ತು. ಗುಂಡು ಎದೆಗೆ ಬೀಳುವ ಬದಲು ಹಿಂದಕ್ಕೆ ಬಿತ್ತು. ಜಿಂಕೆ ಬೆನ್ನು ಡೊಂಕು ಮಾಡಿಕೊಂಡು ಸೀಡರ್ ಮರಗಳ ಜೌಗಿಗೆ ನುಗ್ಗಿತು. ತಮ್ಮ ವೈನೊನನ್ನು ಕರೆದುಕೊಂಡು ಎರಡು ದಿನ ಹುಡುಕಿದಳು. ಎರಡನೆಯ ಸಂಜೆ ಹಿಮ ಬಿದ್ದು ರಕ್ತದ ಗುರುತೆಲ್ಲ ಮುಚ್ಚಿಹೋಯಿತು. ಎರಡು ವಾರ ಬಿಟ್ಟು ವೈನೊ ಬಂದು, "ಅಕ್ಕ, ನಿನ್ನ ಜಿಂಕೆ ಬದುಕಿದೆ ಕಣೆ. ಕೂಸಿಸ್ಟೊ ಹುಲ್ಲುಗಾವಲಲ್ಲಿ ಕುಂಟ್ಕೊಂಡು ಮೇಯ್ತಿತ್ತು, ನಾನೇ ನೋಡ್ದೆ" ಎಂದಿದ್ದ. ಅಂದಿನಿಂದ ಶುರುವಾದದ್ದು ಈ ದುರ್ಬೀನಿನ ಯಾತ್ರೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ವೈನೊ ತೊಗಲಿನ ಚೀಲವೊಂದನ್ನು ತಂದು ಅಡಿಗೆಮನೆಯ ಮೇಜಿನ ಮೇಲಿಟ್ಟ. ಒಳಗೆ ಅವನ ರಿವಾಲ್ವರ್ ಇತ್ತು. ನಲವತ್ನಾಲ್ಕು ಮ್ಯಾಗ್ನಮ್ ಎಂಬ ಭಾರಿ ಗುಂಡಿನದು, ಮೊಳಕೈಯಷ್ಟುದ್ದ ಕಾಣುವ ನಳಿಗೆ.

"ಕೋವಿ ಬೇಡ ಅಂದ್ರು, ರಿವಾಲ್ವರ್ ಬೇಡ ಅಂದಿಲ್ವಲ್ಲ? ಇದನ್ನ ಭುಜಕ್ಕೆ ಆನಿಸೋ ಹಾಗೇ ಇಲ್ಲ," ಎಂದ.

"ಇದರ ಒದೆತ ಎಲ್ಲಿಗೆ ಹೋಗುತ್ತೆ, ನಿನ್ನ ಭುಜಕ್ಕಾ?"

"ಎರಡು ಕೈಗೂ ಹಂಚಿಹೋಗುತ್ತೆ. ಡಾಕ್ಟರನ್ನ ಕೇಳು ಬೇಕಾದ್ರೆ."

ಅವಳು ಕೇಳಿಯೇಬಿಟ್ಟಳು. ಎರಡು ಕೈಯಲ್ಲಿ ಹಿಡಿದು, ಮೊಣಕೈ ಸ್ವಲ್ಪ ಸಡಿಲ ಬಿಟ್ಟು, ದಿನಕ್ಕೆ ಇಪ್ಪತ್ತು ಗುಂಡು ಮೀರದ ಹಾಗೆ ಹೊಡೆಯಬಹುದು ಎಂದು ಉತ್ತರ ಬಂತು. ಶೆರಿಫ್ ಕಚೇರಿಯಿಂದ ಕೊಳ್ಳುವ ಪರವಾನಗಿಯನ್ನೂ ಬರೆಸಿಕೊಂಡು ಬಂದಳು. ಬಂದವಳೇ, ಯಾವುದನ್ನು ಕೊಳ್ಳುವುದು ಎಂಬ ಯೋಚನೆಯಲ್ಲಿ ಮೂರು ದಿನ ನಿದ್ದೆಗೆಟ್ಟಳು.

ಊರಿನಲ್ಲಿ ಬಂದೂಕಿನ ಅಂಗಡಿ ಎಂದರೆ ಟ್ರೆವರೊ ಮುದುಕನದೊಂದೇ. ಎಂಬತ್ತು ದಾಟಿದ ಆಸಾಮಿ, ಐಲಿಯ ಅಪ್ಪನ ಸ್ನೇಹಿತ. ಅಂಗಡಿಯ ಹಿಂದೆ ಜಲ್ಲಿ ತೆಗೆದು ಬಿಟ್ಟ ದೊಡ್ಡ ಹಳ್ಳ. ಗುಂಡು ಹೊಡೆದು ನೋಡಲು ಎಲ್ಲರೂ ಹೋಗುವುದು ಅಲ್ಲಿಗೇ. ಅಕ್ಕ ತಮ್ಮ ಇಬ್ಬರೂ ವೈನೊನ ರಿವಾಲ್ವರ್ ಹಿಡಿದು ಹೋದಾಗ ಟ್ರೆವರೊ ಇಪ್ಪತ್ತೈದು ಹೆಜ್ಜೆ ದೂರದ ಹಲಗೆಗೆ ಊಟದ ಕಾಗದದ ತಟ್ಟೆಯೊಂದನ್ನು ಮೊಳೆ ಹೊಡೆದು ಬಂದ.

"ಲೆಕ್ಕ ಸುಲಭ ಇದೆಯಮ್ಮ," ಎಂದ. "ಜಿಂಕೆಯ ಶ್ವಾಸಕೋಶ, ಹೃದಯ ಎಲ್ಲ ಸೇರಿ ಈ ತಟ್ಟೆಯಷ್ಟಗಲ. ಆರಕ್ಕೆ ಆರೂ ಇದರೊಳಗೆ ಬಿದ್ರೆ ಆ ದೂರ ನಿನ್ನದು. ಐದು ಬಿದ್ದು ಒಂದು ಹೊರಗೆ ಹೋದ್ರೆ ಅದು ನಿನ್ನ ದೂರ ಅಲ್ಲ."

ವೈನೊನ ರಿವಾಲ್ವರಿನ ಹಿಡಿ ಅವಳ ಅಂಗೈಗೆ ದಪ್ಪವಾಯಿತು. ತೋರುಬೆರಳು ಟ್ರಿಗರಿಗೆ ಮುಟ್ಟಬೇಕಾದರೆ ಹಿಡಿತವೇ ಪಕ್ಕಕ್ಕೆ ಜಾರುತ್ತಿತ್ತು. ಮೊದಲ ಗುಂಡು ತಟ್ಟೆಯ ಅಂಚಿಗೆ ಬಿತ್ತು. ನಳಿಗೆ ಮುಖದೆದುರಿಗೆ ಎದ್ದು ನಿಂತಿತು. ಎರಡನೆಯದು ಹಲಗೆಗೆ. ಮೂರನೆಯದು ಹಲಗೆಯ ಕೆಳಗಿನ ಮಣ್ಣಿಗೆ. ಇನ್ನೊಂದು ತಾಪತ್ರಯವೂ ಗೊತ್ತಾಯಿತು. ಓದುವ ಕನ್ನಡಕ ಹಾಕಿದರೆ ನಳಿಗೆಯ ತುದಿಯ ಗುರಿಮುಳ್ಳು ಕಾಣುತ್ತಿತ್ತು, ತಟ್ಟೆ ಮಬ್ಬು. ತೆಗೆದರೆ ತಟ್ಟೆ ಸ್ಪಷ್ಟ, ಮುಳ್ಳು ಮಬ್ಬು.

"ಅಭ್ಯಾಸ ಆಗುತ್ತೆ ಬಿಡು," ಎಂದ ವೈನೊ.

"ಒಂದು ನಿಮಿಷ, ಇಲ್ಲಿ ಕೊಡು," ಎಂದು ಟ್ರೆವರೊ ರಿವಾಲ್ವರನ್ನು ಇಸಿದುಕೊಂಡು ಅವಳಿಗೆ ಬೆನ್ನು ಮಾಡಿ ಗುಂಡು ತುಂಬಿದ. "ಈಗ ಹೊಡಿ."

ಅವಳು ಉಸಿರು ಹಿಡಿದು ಟ್ರಿಗರ್ ಒತ್ತಿದಳು. ಬರೀ 'ಟಿಕ್' ಎಂದಿತು. ಗುಂಡು ಹಾರಲೇ ಇಲ್ಲ. ಆದರೆ ನಳಿಗೆ ಗೇಣುದ್ದ ಕೆಳಕ್ಕೆ ಬಾಗಿ, ಮೈಯೆಲ್ಲ ಮುಂದಕ್ಕೆ ಮುಗ್ಗರಿಸಿ, ಕಣ್ಣೆರಡೂ ಬಿಗಿಯಾಗಿ ಮುಚ್ಚಿದ್ದವು. ಅವಳು ಮುಂಚೆ ಹಾರಿಸಿ ಖಾಲಿಯಾಗಿದ್ದ ತೋಟಾಗಳನ್ನೇ ಟ್ರೆವರೊ ಹೊಸ ಗುಂಡುಗಳ ನಡುವೆ ಸೇರಿಸಿದ್ದ.

"ಖಾಲಿ ರಿವಾಲ್ವರೇ ನಿನ್ನನ್ನ ಇಷ್ಟು ಹೆದರಿಸ್ತಲ್ಲಮ್ಮ," ಎಂದ ಅವನು, ನಗದೆ. "ಈ ಹೆದರಿಕೆ ಇವತ್ತು ಹಿಡಿದದ್ದಲ್ಲ. ಎಲ್ಲಿಂದಲೋ ಹೊತ್ಕೊಂಡು ಬಂದಿದ್ದೀಯ."

ಐಲಿ ರಿವಾಲ್ವರನ್ನು ಚೀಲಕ್ಕೆ ಹಾಕಿ ತಮ್ಮನ ಕೈಗಿತ್ತಳು.

ವಾಪಸು ಬರುವಾಗ ಪಿಕಪ್ ಓಡಿಸುತ್ತಿದ್ದವಳು ಅವಳೇ. ಅಭ್ಯಾಸಬಲದಿಂದ ಹುಲ್ಲುಗಾವಲಿನ ಬಳಿ ನಿಧಾನ ಮಾಡಿದಳು.

"ಆ ಕುಂಟು ಜಿಂಕೆ ಪುಣ್ಯಾತ್ಮ ಒಂದು ಸಾರಿ ಕಣ್ಣಿಗೆ ಬಿದ್ರೆ ನನ್ನ ಈ ಹೆದರಿಕೆ ಬಿಡುತ್ತೇನೋ," ಎಂದಳು. "ನೀನು ನೋಡಿದಾಗ ಯಾವ ಕಾಲು ಕುಂಟ್ತಿತ್ತು ಅಂದೆ?"

ವೈನೊ ಕಿಟಕಿಯ ಹೊರಗೆ ನೋಡಿದ. "ಹಿಂದಿನದು."

"ಹೋದ ಸಾರಿ ಮುಂದಿನದು ಅಂದಿದ್ದೆ."

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಸ್ವಲ್ಪ ದೂರ ಹೋದ ಮೇಲೆ, "ಅಕ್ಕ, ಅದು ಸತ್ತುಹೋಗಿತ್ತು," ಎಂದ. "ನೀನು ಹೊಡೆದ ನಾಲ್ಕನೇ ದಿನ ನಂಗೆ ಸಿಕ್ತು. ಬೀವರ್ ಪ್ರಾಣಿ ಒಡ್ಡು ಕಟ್ಟಿದ ಕೊಳ ಇದೆಯಲ್ಲ, ಅದರ ದಡದಲ್ಲಿ. ಹೊಟ್ಟೆಗೆ ಬಿದ್ದಿತ್ತು ಗುಂಡು. ಕಾಗೆಗಳು ಅರ್ಧ ತಿಂದಿದ್ವು. ನೀನು ಆಗ ಊಟ ಬಿಟ್ಟು ಕೂತಿದ್ದೆ. ಹೇಗೆ ಹೇಳ್ಲಿ?"

ಐಲಿ ಪಿಕಪ್ಪನ್ನು ರಸ್ತೆಬದಿಗೆ ತಂದು ನಿಲ್ಲಿಸಿದಳು. ಬಸ್ಸಿನಲ್ಲಿ ಹುಡುಗರು ಹೊಡೆದಾಡಿದಾಗ ಬರುತ್ತಿದ್ದ ದನಿಯಲ್ಲಿ, "ಇಳಿ," ಎಂದಳು.

"ಅಕ್ಕ, ಮನೆ ಮೂರು ಮೈಲಿ..."

"ಹತ್ತು ತಿಂಗಳು ನನ್ನನ್ನ ಆ ಹುಲ್ಲುಗಾವಲಿನ ಬೇಲಿ ಹತ್ರ ನಿಲ್ಲಿಸಿದ್ದೀಯಲ್ಲೋ. ಇಳಿ."

ಅವನು ತೊಗಲಿನ ಚೀಲವನ್ನು ಎತ್ತಿಕೊಂಡು ಇಳಿದ. ಕನ್ನಡಿಯಲ್ಲಿ ಅವನು ಚಿಕ್ಕವನಾಗುತ್ತ ಹೋದದ್ದನ್ನು ಅವಳು ನೋಡಲಿಲ್ಲ, ನೋಡಬಾರದೆಂದೇ ಕನ್ನಡಿಯನ್ನು ತಿರುಗಿಸಿಬಿಟ್ಟಿದ್ದಳು. ಮನೆಗೆ ಬಂದು ದುರ್ಬೀನನ್ನು ಮೇಜಿನ ಮೇಲಿಟ್ಟಳು. ಅಂಗಳಕ್ಕೆ ಹೋದಳು, ಒಳಗೆ ಬಂದಳು, ಮತ್ತೆ ಅಂಗಳಕ್ಕೆ ಹೋದಳು. ಇಷ್ಟು ದಿನ ಗೊತ್ತಿಲ್ಲವೆಂದು ಚಡಪಡಿಸಿದ್ದಳು. ಈಗ ಗೊತ್ತಾಗಿದ್ದಕ್ಕೂ ಚಡಪಡಿಕೆಯೇ. ನಾಲ್ಕು ದಿನ ಎಂದಿದ್ದನಲ್ಲ. ಆ ನಾಲ್ಕರಲ್ಲಿ ಎಷ್ಟು ದಿನ ಅದಕ್ಕೆ ಜೀವವಿತ್ತೋ.

ಬೇಟೆಯನ್ನೇ ಬಿಟ್ಟರಾಯಿತು ಎಂದು ಒಂದು ವಾರ ಅಂದುಕೊಂಡಳು. ಹಾಗೆ ಬಿಟ್ಟರೆ ಆ ಹೊಡೆತವೇ ತನ್ನ ಕೊನೆಯ ಹೊಡೆತವಾಗಿ ಉಳಿಯುತ್ತದೆ ಎಂಬುದು ಅದಕ್ಕಿಂತ ಕಷ್ಟವಾಯಿತು. ಎಂಟನೆಯ ದಿನ ಒಬ್ಬಳೇ ಟ್ರೆವರೊನ ಅಂಗಡಿಗೆ ಹೋದಳು.

"ದೊಡ್ಡದು ಬೇಡ. ನನ್ನ ಕೈಗೆ ಆಗೋದು ತೋರ್ಸಿ," ಎಂದಳು.

ಟ್ರೆವರೊ ಅಂಗಡಿಯ ಗಾಜಿನ ಮೇಜಿನ ಮೇಲೆ ಕಂಬಳಿ ಹಾಸಿ ನಾಲ್ಕು ರಿವಾಲ್ವರ್ ಇಟ್ಟ. ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಎತ್ತಿ ಗೋಡೆಯ ಕಡೆಗೆ ಹಿಡಿ, ಕಣ್ಣು ಬಿಟ್ಟಾಗ ನಳಿಗೆ ಎಲ್ಲಿ ನೋಡುತ್ತಿದೆ ನೋಡು ಎಂದ. ಮೊದಲನೆಯದು ಚಾವಣಿ ನೋಡುತ್ತಿತ್ತು. ಎರಡನೆಯದರ ಮೂತಿ ಭಾರವಾಗಿ ನೆಲಕ್ಕೆ ಜೋಲಿತು. ಮೂರನೆಯದು ಹಗುರ. ಸೊಂಟಕ್ಕೆ ಕಟ್ಟಿಕೊಂಡು ಹತ್ತು ಮೈಲಿ ನಡೆಯಬಹುದು.

"ಇದು ಚೆನ್ನಾಗಿದೆ," ಎಂದಳು.

"ಹೊತ್ಕೊಂಡು ಓಡಾಡೋಕೆ ಚೆನ್ನಾಗಿದೆ. ಹೊಡೆದಾಗ ಕತ್ತೆ ಹಾಗೆ ಒದೆಯುತ್ತೆ. ತೂಕ ಇದ್ರೆ ಒದೆತವನ್ನ ಅದೇ ನುಂಗ್ಕೊಳ್ಳುತ್ತೆ."

ನಾಲ್ಕನೆಯದು ಹಳೆಯದು, ಯಾರೋ ಮಾರಿಹೋದದ್ದು. ಮುನ್ನೂರೈವತ್ತೇಳು ಎನ್ನುವ, ವೈನೊನದಕ್ಕಿಂತ ಸಣ್ಣ ಗುಂಡಿನದು, ಆರೂವರೆ ಅಂಗುಲದ ನಳಿಗೆ, ಸವೆದ ಮರದ ಹಿಡಿ. ಪ್ರತಿ ಸಲವೂ ಹಿಂದಿರುವ, ಗುಂಡಿಗೆ ಬಡಿಯುವ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದು ಕೂರಿಸಿದ ಮೇಲೆಯೇ ಹಾರುವಂಥದ್ದು. ಕಣ್ಣು ಬಿಟ್ಟಾಗ ನಳಿಗೆ ಗೋಡೆಯ ಕ್ಯಾಲೆಂಡರಿನ ನಡುವೆ ನೆಟ್ಟಿತ್ತು. ಹಳ್ಳಕ್ಕೆ ಹೋಗಿ ಹೊಡೆದಾಗ ಹಿಡಿ ಅಂಗೈಯೊಳಗೆ ಉರುಳಿ ಮೇಲೆದ್ದಿತೇ ಹೊರತು ಮಣಿಕಟ್ಟಿಗೆ ಗುದ್ದಲಿಲ್ಲ. ಅವಳ ಕಣ್ಣಿಗಾಗಿ ಟ್ರೆವರೊ ಅದರ ನೆತ್ತಿಯ ಮೇಲೆ ಕೆಂಪು ಚುಕ್ಕೆ ಕಾಣುವ ಪುಟ್ಟ ಗಾಜೊಂದನ್ನು ಕೂರಿಸಿಕೊಟ್ಟ. ಇನ್ನು ಮುಳ್ಳು ನೋಡುವ ಗೋಜಿಲ್ಲ, ಚುಕ್ಕೆಯನ್ನು ತಟ್ಟೆಯ ಮೇಲಿಟ್ಟರಾಯಿತು.

"ಜಿಂಕೆಗೆ ಇದು ಸಾಲುತ್ತಾ?" ಎಂದು ಕೇಳಿದಳು.

"ನಲವತ್ತು ಹೆಜ್ಜೆ ಒಳಗೆ, ಎದೆಗೆ ಬಿದ್ರೆ ಧಾರಾಳ ಸಾಲುತ್ತೆ. ಅದಕ್ಕಿಂತ ದೂರ ಆದ್ರೆ ಕೈ ಕಟ್ಕೊಂಡು ಕೂರ್ಬೇಕು. ಕೂರ್ತೀಯ?"

ಅವಳು ಪರವಾನಗಿಯ ಕಾಗದವನ್ನು ಗಾಜಿನ ಮೇಲಿಟ್ಟಳು. ರಿವಾಲ್ವರ್ ಕೊಂಡಳು.

ಅಕ್ಟೋಬರಿನಲ್ಲಿ ದಿನಾ ಇಪ್ಪತ್ತು ಗುಂಡು. ಮೊದಲ ವಾರ ಹದಿನೈದು ಹೆಜ್ಜೆ, ಆಮೇಲೆ ಇಪ್ಪತ್ತೈದು. ಖಾಲಿ ತೋಟಾಗಳನ್ನು ತಾನೇ ಬೆರೆಸಿ, ಕಣ್ಣು ಮುಚ್ಚಿ ಗುಂಡಿನ ಉರುಳೆಯನ್ನು ತಿರುಗಿಸಿ ಹೊಡೆಯುತ್ತಿದ್ದಳು. ಆದರೂ ಯಾವುದು ಖಾಲಿ ಎಂದು ಬೆರಳಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಒಂದು ಮಧ್ಯಾಹ್ನ ಹಳ್ಳದ ಅಂಚಿನಲ್ಲಿ ವೈನೊ ಬಂದು ನಿಂತ. ಕೈಯಲ್ಲಿ ಮಾಂಸ ತುಂಬಿ ಸುಟ್ಟ ಬಿಸಿ ಪ್ಯಾಸ್ಟಿ ಕಡುಬಿನ ಪೊಟ್ಟಣ.

"ಅಳಿಲು ಹೊಡೆಯೋ ರಿವಾಲ್ವರ್ ತಗೊಂಡ್ಯಂತೆ?" ಎಂದ, ಅಂಜುತ್ತ.

ಐಲಿ ಆರು ಗುಂಡು ಹೊಡೆದಳು. ಇಬ್ಬರೂ ನಡೆದುಹೋಗಿ ತಟ್ಟೆ ನೋಡಿದರು. ಆರೂ ಒಳಗಿದ್ದವು. ವೈನೊ ಒಂದೊಂದು ತೂತಿಗೂ ಬೆರಳಿಟ್ಟು ಎಣಿಸಿದ. ಅವಳು ರಿವಾಲ್ವರನ್ನೂ ತೋಟಾಗಳನ್ನೂ ಅವನ ಕೈಗೆ ಕೊಟ್ಟಳು.

"ಮೋಸ ಮಾಡೋದ್ರಲ್ಲಿ ಪಳಗಿದ್ದೀಯಲ್ಲ, ಖಾಲಿ ಬೆರೆಸಿ ತುಂಬು," ಎಂದಳು.

ಅವನು ತಲೆ ತಗ್ಗಿಸಿ ತುಂಬಿದ. ಆ ದಿನದಿಂದ ದಿನವೂ ಬಂದು ತುಂಬಿದ. ತಿಂಗಳ ಕೊನೆಗೆ 'ಟಿಕ್' ಎಂದಾಗಲೂ ಕೆಂಪು ಚುಕ್ಕೆ ಇದ್ದಲ್ಲೇ ಇರುತ್ತಿತ್ತು. ನಲವತ್ತು ಹೆಜ್ಜೆಯಲ್ಲಿ ಆರೂ ಬಿದ್ದವು. ಐವತ್ತರಲ್ಲಿ ನಾಲ್ಕು.

ಬೇಟೆ ಶುರುವಾದಾಗ ತೊಂದರೆ ಇನ್ನೊಂದು ಬಗೆಯದಾಯಿತು. ಅವಳು ಯಾವಾಗಲೂ ಕೂರುತ್ತಿದ್ದ ಅಟ್ಟಣೆಯಿಂದ ವಿದ್ಯುತ್ ತಂತಿಯ ಕೆಳಗಿನ ಬಯಲು ಕಾಲು ಮೈಲಿ ಕಾಣುತ್ತಿತ್ತು. ರಿವಾಲ್ವರಿಗೆ ಅದು ಸಲ್ಲದು. ಜೌಗಿನ ಅಂಚಿನಲ್ಲಿ, ಜಿಂಕೆಗಳ ಕಾಲುದಾರಿಗೆ ಮೂವತ್ತು ಹೆಜ್ಜೆಯಲ್ಲಿ, ಬಿದ್ದ ಹೆಮ್ಲಾಕ್ ಮರವೊಂದರ ಹಿಂದೆ ನೆಲದ ಮೇಲೆ ಕೂತಳು. ಮೂವತ್ತು ಹೆಜ್ಜೆಯಲ್ಲಿ ಕೆಮ್ಮುವ ಹಾಗಿಲ್ಲ, ಮೂಗು ಒರೆಸುವ ಹಾಗಿಲ್ಲ. ಮೊದಲ ದಿನ ಹತ್ತು ಸಲ ಎದ್ದಳು. ಎರಡನೆಯ ದಿನ ಅವಳು ಕಾಲು ಚಾಚಿದ ಸದ್ದಿಗೆ ಹೆಣ್ಣು ಜಿಂಕೆಯೊಂದು ಬಾಲ ಎತ್ತಿ ಹಾರಿಹೋಯಿತು. ಮೂರನೆಯ ದಿನ ಬರೀ ಗಾಳಿ.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಗಂಡು ಜಿಂಕೆಯೊಂದು ಬಂದು ಅರುವತ್ತು ಹೆಜ್ಜೆಯಲ್ಲಿ ನಿಂತಿತು. ಆರು ಕವಲು, ಅಡ್ಡಲಾಗಿ, ಎದೆ ಪೂರ್ತಿ ತೆರೆದು. ಕೋವಿಯಾಗಿದ್ದರೆ ಕಣ್ಣು ಮುಚ್ಚಿ ಹೊಡೆಯಬಹುದಿತ್ತು. ಅವಳು ಮೊಣಕಾಲಿನ ಮೇಲೆ ಮೊಣಕೈ ಊರಿ ಚುಕ್ಕೆಯನ್ನು ಎದೆಯ ಮೇಲಿಟ್ಟಳು. ಚುಕ್ಕೆ ಅಲುಗಲಿಲ್ಲ. ಇದೊಂದು ಸಲ ಆಗಬಹುದೇನೋ ಎನಿಸಿತು. ಹೆಬ್ಬೆರಳು ಕುದುರೆಯ ಮೇಲೆ ಇತ್ತು. ಎಳೆಯಲಿಲ್ಲ. ರಿವಾಲ್ವರನ್ನು ತೊಡೆಗೆ ಇಳಿಸಿದಳು. ಜಿಂಕೆ ಸೀಡರ್ ಮರಗಳ ಹಿಂದೆ ಮರೆಯಾಯಿತು.

ಹೋಯಿತು ಎಂದುಕೊಂಡಳು. ಎಷ್ಟೋ ಹೊತ್ತಾದ ಮೇಲೆ ಎಡಗಡೆ ಕಡ್ಡಿ ಮುರಿದ ಸದ್ದು. ಅದೇ ಜಿಂಕೆ ಮರಗಳನ್ನು ಬಳಸಿ ಕಾಲುದಾರಿಗೆ ಇಳಿದಿತ್ತು. ಇಪ್ಪತ್ತೆಂಟು ಹೆಜ್ಜೆ. ಅದು ತಲೆ ತಗ್ಗಿಸಿ ನೆಲ ಮೂಸಿದಾಗ ಕುದುರೆ ಎಳೆದಳು. ಚುಕ್ಕೆ ಭುಜದ ಹಿಂದೆ ಕೂತಿತು. ಗುಂಡು ಹಾರಿದಾಗ ಅವಳ ಕಣ್ಣು ತೆರೆದೇ ಇತ್ತು. ಜಿಂಕೆ ನೆಗೆದು ಜೌಗಿನೊಳಕ್ಕೆ ಓಡಿತು.

ತಕ್ಷಣ ಹಿಂದೆ ಹೋದರೆ ಗಾಯಗೊಂಡದ್ದು ಇನ್ನೂ ದೂರ ಓಡುತ್ತದೆ, ಅರ್ಧ ಗಂಟೆ ಬಿಡಬೇಕು. ಗಡಿಯಾರ ನೋಡಿದಳು. ಒಂಬತ್ತು ನಲವತ್ತು. ಹಿಂದಿನ ವರ್ಷವೂ ಹೀಗೆಯೇ ಓಡಿತ್ತು. ಇದರ ಬೆನ್ನೂ ಡೊಂಕಾಗಿತ್ತೇ? ಇಲ್ಲ ಎನಿಸಿತು. ಹೌದೇನೋ ಎಂದೂ ಎನಿಸಿತು. ಇಪ್ಪತ್ತು ನಿಮಿಷಕ್ಕೆ ವೈನೊ ಏದುಸಿರು ಬಿಡುತ್ತ ಬಂದ.

"ಒಂದೇ ಗುಂಡು ಕೇಳ್ತು. ಎಲ್ಲಿ, ನಡಿ."

"ಇನ್ನೂ ಹತ್ತು ನಿಮಿಷ ಇದೆ. ಕೂತ್ಕೋ."

"ಅಕ್ಕ, ರಕ್ತ ಒಣಗಿಹೋದ್ರೆ..."

"ಕೂತ್ಕೋ ಅಂದೆ."

ಇಬ್ಬರೂ ಮರದ ಮೇಲೆ ಕೂತರು. ಅವಳ ಮೊಣಕಾಲು ತಾನಾಗಿ ಕುಣಿಯುತ್ತಿತ್ತು. ವೈನೊ ತನ್ನ ದೊಡ್ಡ ಕೈಯನ್ನು ಅದರ ಮೇಲೆ ಇಟ್ಟ. ಅವಳು ತೆಗೆಯಲಿಲ್ಲ.

"ಈ ಸಾರಿ ಏನೇ ಸಿಕ್ಕಿದ್ರೂ ನಿಜ ಹೇಳು," ಎಂದಳು.

"ಹೇಳ್ತೀನಿ."

ಹತ್ತು ಹತ್ತಕ್ಕೆ ಎದ್ದರು. ಮೊದಲ ರಕ್ತ ಕಂಡದ್ದು ವೈನೊಗೆ. ತಿಳಿಗೆಂಪು, ನೊರೆನೊರೆ. ಶ್ವಾಸಕೋಶದ್ದು. ಅವನು ಬಾಯಿ ತೆರೆದ, ಅವಳು ಕೈ ಎತ್ತಿ ತಡೆದಳು. ಹೆಜ್ಜೆ ಎಣಿಸುತ್ತ ಹೋದಳು. ಐವತ್ತಮೂರನೆಯ ಹೆಜ್ಜೆಗೆ ಪಾಚಿಯ ಮೇಲೆ ಜಿಂಕೆ ಬಿದ್ದಿತ್ತು. ಅವಳು ಗಡಿಯಾರ ನೋಡುತ್ತ ಕೂತಿದ್ದ ಹೊತ್ತಿನಲ್ಲಿ ಅದರ ಪ್ರಾಣ ಯಾವಾಗಲೋ ಹೋಗಿತ್ತು. ಐಲಿ ಮೊಣಕಾಲೂರಿ ಅದರ ಕೊರಳ ಮೇಲೆ ಕೈಯಿಟ್ಟಳು. ಇನ್ನೂ ಬೆಚ್ಚಗಿತ್ತು. ವೈನೊ ಮುಖ ಆಚೆ ತಿರುಗಿಸಿ ಚಾಕು ಮಸೆಯತೊಡಗಿದ.

ಹೊಟ್ಟೆ ಬಗೆದು ಸ್ವಚ್ಛ ಮಾಡಿದ್ದು ಅವಳೇ. ಎಳೆದು ತಂದದ್ದು ವೈನೊ, ಹತ್ತು ಮಾರಿಗೊಮ್ಮೆ ನಿಂತು ತನ್ನ ಸೊಂಟವನ್ನು ಬೈದುಕೊಳ್ಳುತ್ತ. ಬೇಟೆಗೆಂದು ಕಾಡಿನಲ್ಲಿ ಕಟ್ಟಿಕೊಂಡಿದ್ದ ಗುಡಿಸಲಿಗೆ ಬಂದು ಒಲೆ ಹೊತ್ತಿಸಿ, ಈರುಳ್ಳಿ ಹೆಚ್ಚಿ, ಜಿಂಕೆಯ ಪಿತ್ತಜನಕಾಂಗವನ್ನು ಬೆಣ್ಣೆಯಲ್ಲಿ ಹುರಿದು ಇಬ್ಬರ ತಟ್ಟೆಗೂ ಬಡಿಸಿದ. ಐಲಿ ಎರಡು ಸಲ ಹಾಕಿಸಿಕೊಂಡು ತಿಂದಳು.

"ಒಂದು ಮಾತು ಅಕ್ಕ," ಎಂದ ಅವನು, ಬಾಣಲೆ ಕೆರೆಯುತ್ತ. "ಆ ನಲವತ್ನಾಲ್ಕು ಹೊಡೆದಾಗೆಲ್ಲ ನಂದೂ ಕಣ್ಣು ಮುಚ್ಚಿಹೋಗುತ್ತೆ. ಹನ್ನೊಂದು ವರ್ಷದಿಂದ. ಯಾರಿಗೂ ಹೇಳಿಲ್ಲ. ನಾಳೆ ನಿಂದನ್ನ ಒಂದ್ಸಲ ಕೊಡ್ತೀಯಾ, ಹೊಡೆದು ನೋಡ್ತೀನಿ?"

ತಿರುಗಿ ನೋಡಿದರೆ, ಹೊರಗೆ ಮಟಮಟ ಮಧ್ಯಾಹ್ನದ ಬೆಳಕಿರುವಾಗಲೇ, ಅವನ ಅಕ್ಕ ಕೆಸರು ಬೂಟನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು. ವೈನೊ ಬಾಣಲೆಯನ್ನು ಸದ್ದಾಗದಂತೆ ಕೆಳಗಿಟ್ಟ.