ಐಶ್ವರ್ಯಳಿಗೊಂದು ಆಟ

ಬಾಗಲಕೋಟೆಯ ಡಾಕ್ಟರು ಹೇಳಿದ್ದು ಇಷ್ಟೇ: "ಇನ್ಸುಲಿನ್ ಎಷ್ಟ ಮುಖ್ಯನೋ ಆಟನೂ ಅಷ್ಟ ಮುಖ್ಯ ನೋಡ್ರಿ. ಹುಡುಗಿ ದಿನಾ ಓಡ್ಲಿ, ಬೆವರ್ಲಿ." ಹೇಳುವವರಿಗೇನು, ಹೇಳಿ ಕೈ ತೊಳೆದುಕೊಂಡರು. ಇಳಕಲ್ಲಿನಲ್ಲಿ ಹದಿಮೂರು ವರ್ಷದ ಹುಡುಗಿ ಎಲ್ಲಿ ಓಡಬೇಕು ಎಂದು ಹುಡುಕುವ ಪಾಡು ತಾಯಿ ವಿದ್ಯಾಳ ಪಾಲಿಗೆ ಬಂತು.

ಊರಿನ ಜಿಮ್ಮು ಗಂಡಸರದು. ಉದ್ಯಾನದ ಬೆಂಚುಗಳ ಮೇಲೆ ಇಸ್ಪೀಟಿನದೇ ರಾಜ್ಯ. ಜಿಲ್ಲಾ ಕ್ರೀಡಾಂಗಣದಲ್ಲಿ ಎಲ್ಲವೂ ಇತ್ತು, ಆದರೆ ಬಾಗಲಕೋಟೆಗೆ ಬಸ್ಸು ಹತ್ತಿ ಇಳಿಯುವುದರೊಳಗೆ ಸಂಜೆಯೇ ಮುಗಿದುಹೋಗುತ್ತಿತ್ತು. ಹುನಗುಂದದಲ್ಲಿ ಭಾನುವಾರ ಅಪ್ಪ, ಅವ್ವ, ಮಕ್ಕಳೆಲ್ಲ ಸೇರಿ ಓಡುವ ಗುಂಪೊಂದಿದೆ ಎಂದು ಗಂಡ ಮುತ್ತುರಾಜ ಸುದ್ದಿ ತಂದ. ಮೂವರೂ ಹೋದರು. ವಿದ್ಯಾ ಮಗಳ ಕಾಯಿಲೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಮುಂದಿನ ವಾರ ಗುಂಪಿನವರು ಫೋನೇ ಎತ್ತಲಿಲ್ಲ. ಬಾದಾಮಿಯಲ್ಲಿ ಬಂಡೆ ಹತ್ತಲು ಕಲಿಸುವ ಶಿಬಿರದವನು ಮಾತ್ರ ಮುಖಕ್ಕೇ ಅಂದ: "ಹಗ್ಗದ ಮ್ಯಾಲ ಇದ್ದಾಗ ತಲಿ ತಿರುಗಿದ್ರ ಯಾರು ಹೊಣಿರಿ, ಅಕ್ಕಾರ?" ಐಶ್ವರ್ಯ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಊರು ಮುಟ್ಟುವವರೆಗೂ ಬಸ್ಸಿನ ಕಿಟಕಿಯಿಂದ ಮುಖ ಈಚೆ ತಿರುಗಿಸಲಿಲ್ಲ.

"ಖರೆ ಹೇಳಿ ಏನ ಸಿಕ್ತು?" ಎಂದಳು ಅತ್ತೆ ಗುರುಲಿಂಗವ್ವ. "ಬಾಯಿ ಬಿಟ್ರ ಬಣ್ಣಗೇಡು. ಹೆಣ್ಣ ಹುಡುಗಿಗೆ ಸಕ್ಕರಿ ಬ್ಯಾನಿ ಅಂತ ಸುದ್ದಿ ಹಬ್ಬಿದ್ರ ನಾಳೆ ಲಗ್ನಕ್ಕ ಯಾರ ಬರ್ತಾರ?"

ಹುಡುಗಿ ಇನ್ನೂ ಶಾಲೆಯಲ್ಲಿ ಎಂಟನೆಯ ಇಯತ್ತೆ. ಅಜ್ಜಿ ಮನಸ್ಸಿನಲ್ಲೇ ಬೀಗರ ಮನೆಯ ಹೊಸ್ತಿಲು ತುಳಿದು ಬಂದಾಗಿತ್ತು. ವಿದ್ಯಾಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಬೈಯಲು ಬಾಯಿ ಬರಲಿಲ್ಲ, ಯಾಕೆಂದರೆ ಅದೇ ಅಂಜಿಕೆ ಅವಳ ಹೊಟ್ಟೆಯೊಳಗೂ ಇತ್ತು.

ಮನೆಯಿಂದ ಎರಡು ಓಣಿ ಆಚೆಯ ಮೈದಾನದಲ್ಲಿ ಅಂದಾನಪ್ಪ ಮಾಸ್ತರರು ಸಂಜೆ ಹೊತ್ತು ಹುಡುಗಿಯರಿಗೆ ಖೋ-ಖೋ ಕಲಿಸುತ್ತಾರೆಂದು ಗೊತ್ತಾದಾಗ ವಿದ್ಯಾ ಗಟ್ಟಿ ಮನಸ್ಸು ಮಾಡಿಯೇ ಹೋದಳು.

"ಹುಡುಗಿಗೆ ಏನರ ತ್ರಾಸ ಐತೇನ್ರಿ?" ಮಾಸ್ತರರು ಕೇಳಿದರು.

"ಏನಿಲ್ರಿ, ಗಟ್ಟಿಮುಟ್ಟ ಅದಾಳ."

ಮನೆಗೆ ಬಂದು ಬಸವಣ್ಣನ ಪಟದ ಮುಂದೆ ಮಗಳನ್ನು ನಿಲ್ಲಿಸಿ, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಸಿದಳು. ಸುಳ್ಳಿನ ಆಣೆಗೆ ಅವಳಿಗೆ ಬೇರೆ ಪಟ ಸಿಗಲಿಲ್ಲ ನೋಡಿ.

ಮುಂದೆ ಎಲ್ಲವೂ ಸುರಳೀತ ನಡೆಯಿತು. ಹಾಗೆಂದು ವಿದ್ಯಾ ನಂಬಿದಳು. ಐಶ್ವರ್ಯ ಚಿಗರೆಯಂತೆ ಓಡುತ್ತಿದ್ದಳು, ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಕೇಳುತ್ತಿದ್ದಳು, ಸೂಜಿ ಚುಚ್ಚಿಕೊಳ್ಳುವಾಗಲೂ ಆಟದ ಮಾತೇ ಆಡುತ್ತಿದ್ದಳು. ತಾಲ್ಲೂಕು ತಂಡಕ್ಕೆ ಹೆಸರು ಬಂದ ದಿನ ತಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ವಾರ ಕಳೆಯುವುದರೊಳಗೆ ಮಾಸ್ತರರ ಫೋನು ಬಂತು: "ಮೈದಾನಕ್ಕ ಬರ್ರಿ ಒಮ್ಮೆ."

ಹುಡುಗಿಯರೆಲ್ಲ ಸಾಲಾಗಿ ಕೂತಿದ್ದರು. ಐಶ್ವರ್ಯ ಒಬ್ಬಳೇ ಬೇರೆ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

"ಆಡೂ ಹೊತ್ತಿನಾಗ ಬಾಯಾಗ ಏನೂ ಇರಬಾರದು, ಗಂಟಲಾಗ ಸಿಗತೈತಿ ಅಂತ ಮೊದಲ ದಿನಾನ ಹೇಳೇನಿ," ಎಂದರು ಮಾಸ್ತರರು. "ಈಕಿ ನಡುವ ಎದ್ದ ಹೋಗ್ತಾಳ, ಕದ್ದ ತಿಂತಾಳ. ಇವತ್ತ ಜೋಡಿ ಆಡೂ ತಬಸುಮನ ಚೀಲದಾಗಿನ ಚಿಕ್ಕಿ ತಗೊಂಡಾಳ. ಯಾಕ ಅಂದ್ರ ಬಾಯಿ ಬಿಡವಲ್ಲಳು. ಕಳ್ಳರನ್ನ ನಾ ತಂಡದಾಗ ಇಟ್ಕೊಳ್ಳಾಂಗಿಲ್ರಿ."

ವಿದ್ಯಾಳಿಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಸಕ್ಕರೆ ಇಳಿದಿದೆ, ಮೈ ನಡುಗಿದೆ, ಚೀಲಗಳ ರಾಶಿಯಲ್ಲಿ ಕೈಗೆ ಮೊದಲು ಸಿಕ್ಕಿದ್ದನ್ನು ತಿಂದಿದೆ ಮಗು. ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಸಾಲಿನಲ್ಲಿ ಓಣಿಯ ಹುಡುಗಿಯರಿದ್ದರು, ಕಂಪೌಂಡಿನ ಬಳಿ ಅವರ ತಾಯಂದಿರಿದ್ದರು. ನಾಲಿಗೆ ಹೊರಳಿದ್ದು ಬೇರೆ ಕಡೆಗೆ.

"ತಪ್ಪಾತ್ರಿ ಸರ್. ಇನ್ನ ಕದಿಯಾಂಗಿಲ್ಲ. ನಾ ಬುದ್ಧಿ ಹೇಳ್ತೇನಿ."

ಐಶ್ವರ್ಯ ತಲೆಯೆತ್ತಿ ಅವ್ವನನ್ನು ನೋಡಿದಳು. ಆಮೇಲೆ ಅಂಗಿಯ ಅಂಚನ್ನು ತುಸು ಎತ್ತಿ, ಹೊಟ್ಟೆಯ ಮೇಲಿನ ಸೂಜಿಯ ಗುರುತುಗಳನ್ನು ಎಲ್ಲರಿಗೂ ಕಾಣುವಂತೆ ತೋರಿಸಿದಳು.

"ನನಗ ಶುಗರ್ ಐತ್ರಿ ಸರ್. ದಿನಾ ಸೂಜಿ ತಗೋತೇನಿ. ಶುಗರ್ ಇಳದಾಗ ತಿನ್ನದಿದ್ರ ಬೀಳ್ತೇನಿ. ನಾ ಕಳ್ಳಿ ಅಲ್ಲ."

ಮಾಸ್ತರರ ಮುಖ ಬಿಳಚಿಕೊಂಡಿತು. "ಮೊನ್ನೆ ನಡುವ ಎದ್ದ ಹೋಗಿದ್ದಕ್ಕ ನಾ ಈಕಿನ್ನ ಬಿಸಲಾಗ ನಿಂದ್ರಿಸಿದ್ದೆ," ಎಂದರು ಮೆಲ್ಲಗೆ. ಆಮೇಲೆ ವಿದ್ಯಾಳ ಕಡೆ ತಿರುಗಿದರು. "ಆಕಿ ಅಲ್ಲೇ ಬಿದ್ದು ಏನರ ಆಗಿದ್ರ? ನನ್ನ ಕೈಲೆ ಏನ ಮಾಡಸಾಕ ಹೊಂಟಿದ್ರಿ ತಂಗಿ ನೀವು? ಡಾಕ್ಟರ ಜೋಡಿ ನಾನ ಮಾತಾಡೂತನಕ ಈಕಿನ್ನ ಆಡಸಾಕ ನನಗ ಧೈರ್ಯ ಇಲ್ಲ."

ಅವರ ಸಿಟ್ಟಿನಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ವಿದ್ಯಾ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಕೈ ಹಿಡಿಯಲು ಹೋದಳು. ಕೈ ಸಿಗಲಿಲ್ಲ.

ಮೊದಲ ಓಣಿಯುದ್ದಕ್ಕೂ ಮಗಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಎರಡನೆಯ ಓಣಿಯ ತಿರುವಿನಲ್ಲಿ ಐಶ್ವರ್ಯ ನಿಂತಳು.

"ಮಗಳಿಗೆ ಶುಗರ್ ಐತಿ ಅನ್ನೂದಕಿಂತ ಮಗಳು ಕಳ್ಳಿ ಅನ್ನೂದ ಚಲೋ ಅನಸ್ತೇನವ್ವಾ ನಿನಗ?"

ವಿದ್ಯಾಳಿಗೆ ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಹುಡುಗಿ ದಾಪುಗಾಲು ಹಾಕಿ ಮುಂದೆ ಹೋಗಿಬಿಟ್ಟಿದ್ದಳು.

ಮನೆಯ ಕಟ್ಟೆಯ ಮೇಲೆ ಗುರುಲಿಂಗವ್ವ, ಪಕ್ಕದ ಮನೆಯ ನರ್ಗೀಸ, ಇನ್ನಿಬ್ಬರು ಹೆಂಗಸರು ಕೂತಿದ್ದರು. ಕಟ್ಟೆಗೆ ತಿಳಿದರೆ ಊರಿಗೆ ತಿಳಿದಂತೆ.

"ಯಾಕ ಇಷ್ಟ ಲಗೂ ಬಂದ್ರಿ? ಹುಡುಗಿ ಯಾಕ ಅಳ್ಕೋಂತ ಬಂತು?" ಅತ್ತೆ ಕೇಳಿದಳು.

"ಐಶ್ವರ್ಯಾಗ ಶುಗರ್ ಐತಿ," ಎಂದಳು ವಿದ್ಯಾ, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಎರಡ ವರ್ಷಾತು. ಯಾರಿಗೂ ಹೇಳಬ್ಯಾಡ ಅಂತ ನಾನ ಆಕಿ ಬಾಯಿ ಮುಚ್ಚಿಸಿದ್ದೆ. ನನ್ನ ಮಗಳು ಏನೂ ಕದ್ದಿಲ್ಲ."

ಗುರುಲಿಂಗವ್ವ ತಲೆಯ ಮೇಲೆ ಕೈ ಹೊತ್ತಳು. ನರ್ಗೀಸ ಏನೋ ಸಮಾಧಾನ ಹೇಳಲು ಎದ್ದಳು. ಆದರೆ ಯಾರು ಈ ಮಾತು ಕೇಳಬೇಕಿತ್ತೋ ಆ ಹುಡುಗಿ ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.